ಚಂದಮಾಮ ಮತ್ತೆ ಓದಲು ಕೂತ ಪುಟ್ಟಿಗೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ಚಿಕ್ಕಂದಿನ ಪುಸ್ತಕಗಳನ್ನು ಮತ್ತೆ ತೆಗೆದೆ, ಮೊದಲಿನ ಮಜಾ ಸಿಗಲಿಲ್ಲ, ಇನ್ನು ಮುಟ್ಟುವುದಿಲ್ಲ ಅಂತ ಬರೆದಿದ್ದೀಯ. ಅಷ್ಟು ಬೇಗ ತೀರ್ಮಾನ ಮಾಡಬೇಡ ಮಾರಾಯ್ತಿ. ಮೊದಲಿನ ಮಜಾ ಎಲ್ಲಿಂದ ಸಿಗಬೇಕು? ಆಗ ನಿನಗೆ ಎಂಟು ವರ್ಷ. ಹೊರಗೆ ಆರಿದ್ರೆ ಮಳೆ, ಶಾಲೆಗೆ ರಜೆ, ಕರೆಂಟಿಲ್ಲ. ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನೂ ಬಿಡದೆ ಓದುತ್ತಿದ್ದೆ. ಆ ಹಸಿವು ಈಗ ಇಲ್ಲ. ಅದನ್ನೇ ಹುಡುಕಿಕೊಂಡು ಹೋದರೆ ಬೇಸರವೇ ಸಿಗುವುದು. ನಾನು ಹೇಳುವುದು ಇಷ್ಟೆ: ಆಗ ಯಾರನ್ನು ದಾಟಿಕೊಂಡು ಓದಿದ್ದೆಯೋ, ಈಗ ಅವರ ಹತ್ತಿರ ಸ್ವಲ್ಪ ನಿಂತುಕೋ.

ಬೇತಾಳನ ಕಥೆಯನ್ನೇ ತಗೋ. ಚಂದಮಾಮ ಕೈಗೆ ಸಿಕ್ಕರೆ ಮೊದಲು ತೆಗೆಯುತ್ತಿದ್ದದ್ದೇ ಆ ಪುಟ. ಶಂಕರ್ ಬರೆದ ಚಿತ್ರ ನೆನಪಿದೆ ಅಲ್ವಾ? ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಮಸಣ. ನಿನ್ನ ಕಣ್ಣೆಲ್ಲ ಬೇತಾಳನ ಮೇಲೆ. ಈಗ ರಾಜನನ್ನು ನೋಡು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಮೌನ ಮುರಿಯಿತು, ಹೆಣ ಮತ್ತೆ ಮರಕ್ಕೆ. ಪಾಪ, ಪ್ರತಿ ಸಲವೂ ಅವನಿಗೆ ಉತ್ತರ ಗೊತ್ತು! ಜಾಣತನವೇ ಅವನಿಗೆ ಕಾಟ.

ಹಳೇ ಸಂಸ್ಕೃತದ ಬೇತಾಳ ಕಥೆಗಳು 25 ಅಷ್ಟೆ. ಚಂದಮಾಮದವರು ಹೊಸದು ಕಟ್ಟಿ ಕಟ್ಟಿ ದಶಕಗಟ್ಟಲೆ ನಡೆಸಿದರು. ಹಾಗಾಗಿ ನಮ್ಮ ರಾಜ ತಿಂಗಳು ತಿಂಗಳೂ ಮರಕ್ಕೆ ವಾಪಸು ಹೋದದ್ದೇ ಬಂತು. ಹಳೇ ಕಥೆಗೆ ಕೊನೆ ಇದೆ. ಒಬ್ಬ ತಂದೆ ಒಂದು ಹುಡುಗಿಯನ್ನು ಮದುವೆಯಾಗುತ್ತಾನೆ, ಅವನ ಮಗ ಆ ಹುಡುಗಿಯ ತಾಯಿಯನ್ನು. ಇವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಹೊಳೆಯುವುದಿಲ್ಲ. ಸುಮ್ನೆ ನಡೆಯುತ್ತಾನೆ. ಬೇತಾಳ ಮೆಚ್ಚುವುದು ಆಗಲೇ. ಹೆಣ ತರಲು ಕಳಿಸಿದ ಸನ್ಯಾಸಿ ನಿನ್ನನ್ನೇ ಬಲಿ ಕೊಡಲು ಕಾದಿದ್ದಾನೆ ಅಂತ ಹೇಳಿ ಜೀವ ಉಳಿಸುತ್ತಾನೆ. ಎಂಟು ವರ್ಷದವಳಿಗೆ ಇದನ್ನು ಹೇಳಿದ್ದರೆ ಸಂಬಂಧದ ಒಗಟಾಗಿ ಮುಗಿಯುತ್ತಿತ್ತು. ಆಫೀಸಿನಲ್ಲಿ ದಿನವೂ ಎಲ್ಲ ಗೊತ್ತಿರುವವಳ ಹಾಗೆ ಕೂರಬೇಕಾದ ನಿನಗೆ ಬೇರೆಯೇ ಕೇಳಿಸೀತು.

ಬೈಯಬೇಕಾದ್ದೂ ಇದೆ. ಆ ಕಥೆಗಳಲ್ಲಿ ಮಲತಾಯಿ ಅಂದರೆ ಕೆಟ್ಟವಳೇ. ಅರ್ಧ ರಾಜ್ಯದ ಜೊತೆ ಮಗಳನ್ನೂ ಕೊಡುತ್ತೇನೆ ಅಂತ ರಾಜ ಡಂಗುರ ಹೊಡೆಸುತ್ತಾನೆ, ಮಗಳನ್ನು ಯಾರೂ ಕೇಳುವುದಿಲ್ಲ. ನಿನ್ನ ಅಪ್ಪನನ್ನೂ ನನ್ನನ್ನೂ ಸಾಕಿದ ಅಮ್ಮ ಮಲತಾಯಿ, ನಿನಗೆ ಗೊತ್ತೇ ಇದೆ. ಅಡಿಕೆ ಸುಲಿದ ದುಡ್ಡಿನಲ್ಲಿ ಚಂದಮಾಮ ತರಿಸಿಕೊಟ್ಟವಳೂ ಅವಳೇ. ನಾವು ಗಟ್ಟಿಯಾಗಿ ಓದುತ್ತಿದ್ದರೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನವೂ ಏನೂ ಅನ್ನಲಿಲ್ಲ. ಅವಳಿಗೆ ಹೇಗಾಗುತ್ತಿತ್ತೋ.

ಸಿ.ಎಸ್. ಲೂಯಿಸ್ ಮಕ್ಕಳಿಗೆ ಬರೆದ ಮಾಯಾಲೋಕದ ಕಥೆ ಇದೆಯಲ್ಲ, ಆ ನಾರ್ನಿಯಾದ ಕೊನೆಯ ಪುಸ್ತಕದಲ್ಲಿ ಸೂಸನ್‌ಗೆ ಮಾಡಿದ್ದನ್ನು ಓದಿ ನಿನಗೆ ಸಿಟ್ಟು ಬಂತಂತೆ. ಲಿಪ್‌ಸ್ಟಿಕ್ಕಿನ ಮೇಲೆ ಆಸೆ ಜಾಸ್ತಿಯಾಯಿತು, ಅವಳು ಇನ್ನು ನಾರ್ನಿಯಾದವಳಲ್ಲ! ಸಿಟ್ಟು ಸರಿಯೇ. ಹಾಗಂತ ರದ್ದಿಗೆ ಹಾಕಬೇಕಾಗಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ತಾವೇ ಕಟ್ಟಿದ ಲೋಕಕ್ಕೆ ಹೇಗೆ ವಾಪಸು ಹೋದರು ನೋಡು. ಅರ್ಥ್‌ಸೀ ಅನ್ನುವ ಆ ಲೋಕದ ಮೊದಲ ಪುಸ್ತಕ 1968ರದ್ದು. ಅಲ್ಲಿ ಮಂತ್ರ ಕಲಿಯುವ ಶಾಲೆ ಗಂಡಸರದ್ದು, ಹೆಂಗಸರ ಮಂತ್ರ ಅಂದರೆ ಕೀಳು. ಅದೇ ಲೋಕದ 1990ರ ಪುಸ್ತಕ ‘ತೆಹಾನು’ವಿನಲ್ಲಿ ಕಥೆ ಒಬ್ಬ ನಡುವಯಸ್ಸಿನ ವಿಧವೆಯದ್ದು. ಸುಟ್ಟ ಗಾಯದ ಒಂದು ಹುಡುಗಿಯನ್ನು ಅವಳು ಸಾಕಿಕೊಂಡಿದ್ದಾಳೆ. ಹಳೇ ಪುಸ್ತಕದ ಮಹಾ ಮಂತ್ರವಾದಿ ಶಕ್ತಿಯೆಲ್ಲ ಕಳೆದುಕೊಂಡು ಅಲ್ಲಿಗೆ ಬರುತ್ತಾನೆ. ಬರೆದವರಿಗೇ ಮತ್ತೆ ನೋಡಬೇಕು ಅನ್ನಿಸಿತು, ಓದುವವರಿಗೆ ಏನು ಕಷ್ಟ?

ಕೆಲವು ಪುಸ್ತಕ ನಿಜವಾಗಿಯೂ ಜೊಳ್ಳು. ಹತ್ತು ಪುಟಕ್ಕೇ ಗೊತ್ತಾಗುತ್ತೆ. ಬಿಟ್ಟುಬಿಡು.

ಮಗನಿಗೆ ಓದಿ ಹೇಳುವಾಗ ಮಾತ್ರ ಈ ನಮ್ಮ ಲೆಕ್ಕಾಚಾರ ಪಕ್ಕಕ್ಕಿಡು. ಮಲತಾಯಿ ಕಥೆ ಬಂದರೆ ಹಾರಿಸಬೇಡ, ನಡುವೆ ನಿಲ್ಲಿಸಿ ಪಾಠವನ್ನೂ ಮಾಡಬೇಡ. ಅವನು ಹೆದರಲಿ, ರಾಜಕುಮಾರನ ಕಡೆ ಸೇರಲಿ. ಕಥೆ ಮುಗಿದ ಮೇಲೆ ಮುತ್ತಜ್ಜಿಯ ಸುದ್ದಿ ಹೇಳು.

ಬೈಂಡು ಹಾಕಿಸಿದ ಚಂದಮಾಮಗಳು ಅಟ್ಟದಲ್ಲೇ ಇವೆ. ಒಲೆಯ ಹೊಗೆ ತಾಗಿ ಬಣ್ಣ ಕಂದಿದೆ, ಗೆದ್ದಲು ಮಾತ್ರ ಹಿಡಿದಿಲ್ಲ. ಈಗಲೇ ಕಳಿಸು ಅನ್ನಬೇಡ. ಈ ಥಂಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೂಷ್ಟು ಬರುತ್ತೆ. ದೀಪಾವಳಿಗೆ ಬನ್ನಿ. ಅಷ್ಟರಲ್ಲಿ ಬಿಸಿಲಿಗೆ ಹಾಕಿ ಇಟ್ಟಿರುತ್ತೇನೆ.

ಇತಿ,
ನಿನ್ನ ಅತ್ತೆ