ಜಾಲತಾಣ ನಡೆಸುವ ಮಗಳಿಗೆ

ವಿಜಯಪುರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಮ್ಮ ಲಿಂಗಾಯತ ಮಠಗಳ ಪಾದಪೂಜೆ, ಸ್ವಾಮಿಗಳನ್ನು ಕೂರಿಸಿ ಭಕ್ತರು ಹೊರುವ ಅಡ್ಡಪಲ್ಲಕ್ಕಿ ಮತ್ತು ಒಳಜಾತಿಗಳ ಭೇದವನ್ನು ಪ್ರಶ್ನಿಸಿ ನೀನು ನಡೆಸುತ್ತಿರುವ ಜಾಲತಾಣವನ್ನು ಪೂರ್ತಿ ಓದಿದೆ. ನಿಲ್ಲಿಸು ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯವನಾಗಿ ಹಾಗೆನ್ನಲು ನನಗೆ ಮುಖವಿಲ್ಲ. ಆದರೆ ನ್ಯಾಯಾಲಯದ ಕಚೇರಿಯಲ್ಲಿ ಕಡತ ಹೊತ್ತೇ ತಲೆ ನರೆತವನಾದ್ದರಿಂದ, ಕೆಲವು ಸಂಗತಿಗಳನ್ನು ನಿನಗೆ ತಿಳಿಸಲೇಬೇಕು.

1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿದೆ. ಉದ್ದೇಶಪೂರ್ವಕವಾಗಿ, ದ್ವೇಷಬುದ್ಧಿಯಿಂದ ಧಾರ್ಮಿಕ ಭಾವನೆಗಳನ್ನು ಕೆರಳಿಸಲು ಧರ್ಮವನ್ನು ಅವಮಾನಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. ಆ ಧರ್ಮದಲ್ಲೇ ಹುಟ್ಟಿದವಳೆಂಬ ಕಾರಣಕ್ಕೆ ನಿನಗೆ ಅದರಲ್ಲಿ ವಿನಾಯಿತಿ ಇಲ್ಲ. 1957ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದರೂ, ದ್ವೇಷಬುದ್ಧಿಯಿಲ್ಲದ ಮಾತಿಗೆ ಇದು ಅನ್ವಯಿಸದೆಂದು ಹೇಳಿತು. ಪತ್ರಿಕೆಯ ಮುಖಪುಟದಲ್ಲಿ ವಿಷ್ಣುವಿನ ರೂಪದಲ್ಲಿ ಕಾಣಿಸಿಕೊಂಡ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯ ಮೇಲಿನ ಪ್ರಕರಣವನ್ನು 2017ರಲ್ಲಿ ರದ್ದುಗೊಳಿಸಿದ್ದು ಇದೇ ಆಧಾರದ ಮೇಲೆ.

ಹಾಗೆಂದು ನಿಶ್ಚಿಂತಳಾಗಬೇಡ. ಇದು ಜಾಮೀನುರಹಿತ ಅಪರಾಧ, ವಾರಂಟ್ ಇಲ್ಲದೆಯೂ ಪೊಲೀಸರು ಬಂಧಿಸಬಹುದು. ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು ನಿಜ, ಆದರೆ ಎಫ್‌ಐಆರ್ ದಾಖಲಿಸಲು ಅದು ಬೇಕಿಲ್ಲ. ನಮ್ಮ ಜಿಲ್ಲೆಯ ಇಂಡಿಯಲ್ಲೊಬ್ಬರು, ಸಿಂದಗಿಯಲ್ಲೊಬ್ಬರು ದೂರು ಕೊಟ್ಟರೆ ನೀನು ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬರುತ್ತಲೇ ಇರಬೇಕಾದೀತು, ಅಷ್ಟರಲ್ಲಿ ನಿನ್ನ ಲ್ಯಾಪ್‌ಟಾಪು, ಮೊಬೈಲು ಜಪ್ತಿಯಾಗಿ ಠಾಣೆಯಲ್ಲಿರುತ್ತವೆ. ಪ್ರತಿ ಲೇಖನದ ನಕಲನ್ನೂ ಅದರ ಆಧಾರಗಳನ್ನೂ ಬೇರೆ ಕಡೆ ಇಡು.

ನಿನ್ನ ಪರವಾಗಿರುವ ನಿಯಮಗಳೂ ಇವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(3)ನೆಯ ಕಲಮಿನ ಪ್ರಕಾರ ಇಂಥ ದೂರಿನಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ಮಾತು, ಬರಹಗಳ ಪ್ರಕರಣಗಳಲ್ಲಿ ಪೊಲೀಸರು ಮೊದಲು ಆ ದಾರಿ ಹಿಡಿಯುವುದು ಯುಕ್ತವೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸು ಬಂದರೆ ತಪ್ಪಿಸಿಕೊಳ್ಳದೆ ವಕೀಲರೊಂದಿಗೆ ಹೋಗು. ಸೂರ್ಯಾಸ್ತದ ನಂತರ ಮಹಿಳೆಯನ್ನು ಬಂಧಿಸಲು, ಅಸಾಧಾರಣ ಸಂದರ್ಭದಲ್ಲಿಯೂ, ಮಹಿಳಾ ಅಧಿಕಾರಿಯೂ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು.

ಆದರೆ ದೂರು ಕೊಡುವವರಿಗೆ ನಾನು ಅಷ್ಟು ಹೆದರುವುದಿಲ್ಲ, ಹೆದರುವುದು ಬಂದೂಕು ಹಿಡಿದು ಬರುವವರಿಗೆ. ನಮ್ಮ ಜಿಲ್ಲೆಯ ಗುಬ್ಬೇವಾಡದಲ್ಲಿ ಹುಟ್ಟಿದ ವಚನ ಸಾಹಿತ್ಯದ ವಿದ್ವಾಂಸ ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಸಂಶೋಧನೆಯ ಮಾತುಗಳನ್ನು ಒತ್ತಡಕ್ಕೆ ಸಿಲುಕಿ ಹಿಂತೆಗೆದುಕೊಂಡರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಗುಂಡಿಗೆ ಬಲಿಯಾದರು. ಹಿಂತೆಗೆದುಕೊಂಡರೆ ಎಲ್ಲವೂ ಮುಗಿಯುತ್ತದೆಂದು ಯಾರಾದರೂ ನಿನಗೆ ಬುದ್ಧಿ ಹೇಳಿದರೆ ಇದನ್ನು ನೆನಪಿಸಿಕೋ.

ಹೆಸರು ಮರೆಸಿ ಬರೆಯಲೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಪೊಲೀಸರ ಮುಂದೆ ಅದು ನಿಲ್ಲದು: 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ತನಿಖಾಧಿಕಾರಿ ಲಿಖಿತವಾಗಿ ಕೇಳಿದ 72 ಗಂಟೆಗಳೊಳಗೆ ಮಧ್ಯವರ್ತಿ ಸಂಸ್ಥೆಗಳು, ಅಂದರೆ ಇತರರ ಬರಹಕ್ಕೆ ಅಂತರ್ಜಾಲದಲ್ಲಿ ಜಾಗ ಕೊಡುವ ಕಂಪನಿಗಳು, ತಮ್ಮಲ್ಲಿರುವ ವಿವರ ಕೊಡಬೇಕು. ಬೀದಿಯಲ್ಲಿ ನಿಂತು ಕಾಯುವವನಿಗೆ ಮಾತ್ರ ಆ ಅಧಿಕಾರವಿಲ್ಲವಾದ್ದರಿಂದ ಅವನಿಂದ ನಿನ್ನ ಕೋಣೆಯ ವಿಳಾಸ, ಓಡಾಡುವ ಹೊತ್ತು, ಮನೆಯವರ ಭಾವಚಿತ್ರ ಮುಚ್ಚಿಡುವುದು ಸಾರ್ಥಕ. ಬರಹದ ಕೆಳಗೆ ನಿನ್ನ ಹೆಸರಿರಲಿ, ಊರಿನ ಮನೆಯ ಗುರುತು ಬೇಡ. ನಿನ್ನ ತಂಗಿಗೆ ವರ ನೋಡುತ್ತಿದ್ದೇವೆ, ಬೀಗರಾಗುವವರು ಈಗಾಗಲೇ ಕೇಳಿದ್ದಾರೆ. ಅವ್ವ ಕೊಟ್ಟ ಉತ್ತರ ನೀನು ಕೇಳಿದ್ದರೆ ನಕ್ಕುಬಿಡುತ್ತಿದ್ದೆ, ಅದರ ಚಿಂತೆ ನಮಗಿರಲಿ.

ಇನ್ನೊಂದು ಮಾತು. ಅಡ್ಡಪಲ್ಲಕ್ಕಿಯ ಲೇಖನದಲ್ಲಿ ಪಲ್ಲಕ್ಕಿ ಏರುವವರನ್ನು ಕೇಳಿದ ಪ್ರಶ್ನೆಗಳು ಸರಿಯಾಗಿವೆ, ಅವುಗಳಲ್ಲಿ ಒಂದನ್ನೂ ತೆಗೆಯಬೇಡ. ಕೊನೆಯಲ್ಲಿ ಅದನ್ನು ಹೊರುವ ಭಕ್ತರನ್ನು ಹಂಗಿಸಿರುವ ನಾಲ್ಕು ಸಾಲುಗಳನ್ನು ಮಾತ್ರ ತೆಗೆದುಬಿಡು. ದ್ವೇಷಬುದ್ಧಿಗೆ ಸಾಕ್ಷಿ ಹುಡುಕುವ ವಕೀಲ ಮೊದಲು ಓದುವುದು ಅವನ್ನೇ, ಮೇಲಾಗಿ ಹೊರುವವರಲ್ಲಿ ನಿನ್ನ ಸೋದರಮಾವನೂ ಇದ್ದಾನೆ.

ಇಂತಿ,
ನಿನ್ನ ಅಪ್ಪ