ಮೂರು ಅಂಕ, ಎರಡು ಅಂಕ, ಮತ್ತೆ ಮೂರು ಅಂಕ

ಕಳೆದ ವಾರ, ಚಾರ್ಟರ್ಡ್ ಅಕೌಂಟೆಂಟ್‌ಗಳ (ಸಿಎ) ಸಂಸ್ಥೆಯಾದ ಐಸಿಎಐಯಿಂದ ನನ್ನ ಸದಸ್ಯತ್ವ ಸಂಖ್ಯೆ ಬಂತು. 2020ರ ನವೆಂಬರ್‌ನಿಂದ 2025ರ ಮೇ ತಿಂಗಳವರೆಗೆ ಸಿಎ ಫೈನಲ್ ಪರೀಕ್ಷೆಗೆ ಒಂಬತ್ತು ಸಲ ಕುಳಿತು, ಅದರಲ್ಲಿ ಏಳು ಸಲ ಅನುತ್ತೀರ್ಣಳಾದವಳು ನಾನು. ಪಾಸಾದ ದಿನ ಅಭಿನಂದಿಸಿದವರಿಗೆಲ್ಲ ಅಂದೇ ಫೋನಿನಲ್ಲಿ ವಂದನೆ ಹೇಳಿ ಮುಗಿಸಿದ್ದೇನೆ. ಅಭಿನಂದಿಸುವಂಥದ್ದು ಏನೂ ಇಲ್ಲದಿದ್ದ ಆ ಏಳು ಫಲಿತಾಂಶಗಳ ಮರುದಿನ ನನ್ನೊಡನೆ ಎಂದಿನಂತೆಯೇ ನಡೆದುಕೊಂಡ ನಾಲ್ಕಾರು ಮಂದಿಯ ಋಣ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕಾಗಿ ಈ ಬರಹ.

ಈ ಪರೀಕ್ಷೆಯ ಲೆಕ್ಕಾಚಾರ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನು ಒಮ್ಮೆ ಹೇಳಿಬಿಡುತ್ತೇನೆ. ಪತ್ರಿಕೆಗಳನ್ನು ಎರಡು ಗ್ರೂಪುಗಳಾಗಿ ಹಂಚಿರುತ್ತಾರೆ. ಪ್ರತಿ ಪತ್ರಿಕೆಯಲ್ಲೂ ನೂರಕ್ಕೆ ಕನಿಷ್ಠ 40 ಅಂಕ ಬರಬೇಕು. ಅದರ ಜೊತೆಗೆ ಇಡೀ ಗ್ರೂಪಿನ ಒಟ್ಟು ಅಂಕ ಶೇ. 50 ಮುಟ್ಟಬೇಕು. ಎರಡರಲ್ಲಿ ಒಂದು ತಪ್ಪಿದರೂ ಗ್ರೂಪ್ ಹೋದಂತೆ. ನಾನು ಮೊದಲು ಬರೆಯುತ್ತಿದ್ದ ಹಳೆಯ ಪಠ್ಯಕ್ರಮದಲ್ಲಿ ಒಂದು ಗ್ರೂಪಿಗೆ ನಾಲ್ಕು ಪತ್ರಿಕೆ, ಅಂದರೆ 400ಕ್ಕೆ 200 ಬೇಕು. ಎರಡೂ ಗ್ರೂಪುಗಳನ್ನು ಒಟ್ಟಿಗೆ ಬರೆದ ಮೊದಲ ಅಟೆಂಪ್ಟ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕೋವಿಡ್ ಕಾರಣದಿಂದ 2021ರ ಮೇ ಪರೀಕ್ಷೆ ಜುಲೈಗೆ ಹೋದಾಗ ಮೊದಲ ಗ್ರೂಪಿನ ನಾಲ್ಕೂ ಪತ್ರಿಕೆಗಳಲ್ಲಿ ನಾನು 40 ದಾಟಿದ್ದೆ. ಒಟ್ಟು ಮಾತ್ರ 197ಕ್ಕೆ ನಿಂತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಟ್ಟು 201 ಬಂತು, ಆದರೆ ಆಡಿಟ್ ಪತ್ರಿಕೆಯಲ್ಲಿ 38. ಒಮ್ಮೆ ಮೂರು ಅಂಕ, ಇನ್ನೊಮ್ಮೆ ಎರಡು ಅಂಕ. ಆರ್ಟಿಕಲ್‌ಶಿಪ್‌ನ, ಅಂದರೆ ಸಿಎ ಕಚೇರಿಯಲ್ಲಿ ಪಡೆಯುವ ತರಬೇತಿಯ, ಮೂರು ವರ್ಷವೂ ಆಡಿಟ್ ಕೆಲಸವನ್ನೇ ಮಾಡಿದವಳಿಗೆ ಆಡಿಟ್‌ನಲ್ಲೇ 38 ಬಂದದ್ದನ್ನು ಕೇಳಿ ನಕ್ಕವರ ಮೇಲೆ ನನಗೀಗ ಸಿಟ್ಟಿಲ್ಲ, ನಗು ಬರುವಂಥದ್ದೇ ಅದು. ಜುಲೈಯಲ್ಲಿ ಹಣಕಾಸು ನಿರ್ವಹಣೆಗೆ ಬಂದಿದ್ದ 61 ಅಂಕದಿಂದ ಆ ಪತ್ರಿಕೆಗೆ ಮುಂದಿನ ಮೂರು ಅಟೆಂಪ್ಟ್‌ಗಳವರೆಗೆ ಎಕ್ಸೆಂಪ್ಶನ್, ಅಂದರೆ ಅದನ್ನು ಮತ್ತೆ ಬರೆಯಬೇಕಿಲ್ಲದ ವಿನಾಯಿತಿ, ಸಿಕ್ಕಿತ್ತು. ಅದನ್ನು ಹಿಡಿದುಕೊಂಡೇ 2022ರ ಮೇ ತಿಂಗಳಲ್ಲಿ ಮೊದಲ ಗ್ರೂಪ್ ದಾಟಿದೆ.

ಎರಡನೆಯ ಗ್ರೂಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪರೋಕ್ಷ ತೆರಿಗೆ, ಅಂದರೆ ಮುಖ್ಯವಾಗಿ ಜಿಎಸ್‌ಟಿ. ಮೂರು ಅಟೆಂಪ್ಟ್‌ಗಳಲ್ಲಿ ಕ್ರಮವಾಗಿ 34, 39, 38. ಮತ್ತೆ ಮತ್ತೆ ಬರೆಯುವವರಿಗೆ ವಿಷಯ ಹೇಗೂ ಬಾಯಿಪಾಠವಾಗಿರುತ್ತದಲ್ಲ ಎಂದು ಕೇಳುವವರಿದ್ದಾರೆ. ತೆರಿಗೆಯ ಪತ್ರಿಕೆಗಳಿಗೆ ಆ ಮಾತು ಹೊಂದುವುದಿಲ್ಲ. ಮೇ ಪರೀಕ್ಷೆಗೆ ಹಿಂದಿನ ಅಕ್ಟೋಬರ್ 31ರವರೆಗಿನ, ನವೆಂಬರ್ ಪರೀಕ್ಷೆಗೆ ಏಪ್ರಿಲ್ 30ರವರೆಗಿನ ಅಧಿಸೂಚನೆಗಳೆಲ್ಲ ಸೇರುತ್ತಿದ್ದುದರಿಂದ, ಕಷ್ಟಪಟ್ಟು ಬರೆದುಕೊಂಡ ಟಿಪ್ಪಣಿಯ ಒಂದು ಭಾಗ ಆರೇ ತಿಂಗಳಿಗೆ ಹಳಸಿಹೋಗುತ್ತಿತ್ತು. ಹಿಂದಿನ ಸಲ ಸರಿಯಾಗಿದ್ದ ಉತ್ತರವನ್ನು ಈ ಸಲ ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ಜುಲೈ 1 ಬಂತೆಂದರೆ ನಾನು ಫೋನ್ ಆಫ್ ಮಾಡಿಡುತ್ತಿದ್ದೆ. 1949ರಲ್ಲಿ ಐಸಿಎಐ ಸ್ಥಾಪನೆಯಾದ ದಿನವೆಂದು ಅದನ್ನು ಸಿಎ ದಿನವಾಗಿ ಆಚರಿಸುತ್ತಾರೆ, ಜೊತೆಗೆ ಓದಿದವರ ಸ್ಟೇಟಸ್‌ಗಳಲ್ಲೆಲ್ಲ ಕೇಕು ಮತ್ತು ಕೋಟು. 2017ರಲ್ಲಿ ಜಿಎಸ್‌ಟಿ ಜಾರಿಯಾದದ್ದೂ ಜುಲೈ 1ರಂದೇ. ನನ್ನನ್ನು ಹೊರಗಿಟ್ಟ ಸಂಸ್ಥೆ ಮತ್ತು ನನ್ನನ್ನು ಕೆಡವಿದ ಕಾನೂನು ಎರಡರದ್ದೂ ಹುಟ್ಟುಹಬ್ಬ ಒಂದೇ ದಿನ ಬರುವುದು ಕೊಂಚ ಅತಿಯಾಯಿತೆಂದು ನನಗೆ ಅನ್ನಿಸುತ್ತಿತ್ತು.

ಮನೆಯವರಲ್ಲಿ ಮೊದಲು ಅಪ್ಪನನ್ನು ನೆನೆಯಬೇಕು. ನಿವೃತ್ತ ಗುಮಾಸ್ತರಾದ ಅವರಿಗೆ ಲೆಕ್ಕಪರಿಶೋಧನೆಯ ಗಂಧಗಾಳಿ ಇಲ್ಲ, ಕಾಗದ ಬಿಸಾಡುವ ಅಭ್ಯಾಸವೂ ಇಲ್ಲ. ನನ್ನ ಪ್ರತಿಯೊಂದು ಪ್ರವೇಶ ಪತ್ರವನ್ನೂ ಅದರ ಅಂಕಪಟ್ಟಿಯನ್ನೂ ತೂತು ಹೊಡೆದು, ದಾರ ಕಟ್ಟಿ, ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಇಡುತ್ತಿದ್ದರು. ಐದನೆಯ ಅಂಕಪಟ್ಟಿ ಬಂದಾಗ ಅದನ್ನು ಹರಿದುಹಾಕಲು ಹೊರಟ ನನ್ನ ಕೈಯಿಂದ ಕಾಗದ ತೆಗೆದುಕೊಂಡು, "ಇದು ಆಫೀಸು ದಾಖಲೆ, ಹರಿಯಬಾರದು" ಎಂದಷ್ಟೇ ಹೇಳಿ ಒಳಗೆ ಹೋದರು. ಸಮಾಧಾನದ ಮಾತು ಬಂದಿದ್ದರೆ ಅಂದು ನಾನು ಖಂಡಿತ ಅಳುತ್ತಿದ್ದೆ. ಅಮ್ಮನದು ಇನ್ನೊಂದು ಬಗೆಯ ಉಪಕಾರ. ಮದುವೆ ಮುಂಜಿಗಳಲ್ಲಿ "ಮಗಳು ಏನು ಮಾಡುತ್ತಿದ್ದಾಳೆ?" ಎಂದು ಕೇಳಿದವರಿಗೆಲ್ಲ ಐದು ವರ್ಷ "ಓದುತ್ತಿದ್ದಾಳೆ" ಎಂಬ ಒಂದೇ ಉತ್ತರವನ್ನು ಒಂದೇ ದನಿಯಲ್ಲಿ ಕೊಟ್ಟರು. ಅದಕ್ಕೆ ವಿವರಣೆಯನ್ನಾಗಲಿ ನಿಟ್ಟುಸಿರನ್ನಾಗಲಿ ಒಮ್ಮೆಯೂ ಸೇರಿಸಲಿಲ್ಲ.

ಹೆಸರು ಗೊತ್ತಿಲ್ಲದ ಒಬ್ಬರಿಗೂ ಇಲ್ಲಿ ಕೃತಜ್ಞತೆ ಹೇಳಬೇಕಿದೆ. 2023ರ ನವೆಂಬರ್ ಪರೀಕ್ಷೆಯ ಫಲಿತಾಂಶ 2024ರ ಜನವರಿಯಲ್ಲಿ ಬಂದ ರಾತ್ರಿ ನನ್ನ ಮನಸ್ಸು ಹೋಗಬಾರದ ದಾರಿಯಲ್ಲಿ ಬಹಳ ದೂರ ಹೋಗಿತ್ತು. ಅದನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವ ಅಗತ್ಯವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದೆ. ಆ ಕಡೆಯ ಹೆಂಗಸು ಕನ್ನಡದಲ್ಲಿ ಮೊದಲು ಕೇಳಿದ ಪ್ರಶ್ನೆ "ಊಟ ಆಯಿತಾ?" ಎಂದು. ಆಗಿರಲಿಲ್ಲ. ಬೆಳಗ್ಗೆಯಿಂದ ನೂರು ಜನರಿಗೆ ಅಂಕಗಳ ವಿವರ ಕೊಟ್ಟು ದಣಿದಿದ್ದ ನನಗೆ, ಅಂಕಕ್ಕೆ ಸಂಬಂಧಿಸದ ಪ್ರಶ್ನೆ ಅಂದು ಅದೊಂದೇ ಬಂದದ್ದು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನನ್ನು ಎಬ್ಬಿಸುವಂತೆ ಅವರೇ ಹೇಳಿದರು, ನಾನು ಎಬ್ಬಿಸುವವರೆಗೆ ಫೋನ್ ಇಡಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಅಂಥ ರಾತ್ರಿಯಲ್ಲಿದ್ದರೆ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಸರ್. ನಾನು ಆರ್ಟಿಕಲ್ ಮುಗಿಸಿ, ಬಳಿಕ ಪೇಯ್ಡ್ ಅಸಿಸ್ಟೆಂಟ್ ಆಗಿ ಉಳಿದುಕೊಂಡ ಕಚೇರಿಯ ಹಿರಿಯರು. (ನಮ್ಮಂಥವರನ್ನು ಈ ವೃತ್ತಿಯಲ್ಲಿ 'ಸೆಮಿ ಕ್ವಾಲಿಫೈಡ್' ಎನ್ನುತ್ತಾರೆ. ಅರ್ಧ ಬೆಂದ ಅನ್ನಕ್ಕೂ ಇಷ್ಟು ಅಚ್ಚುಕಟ್ಟಾದ ಹೆಸರಿಲ್ಲ.) ಆ ಜನವರಿಯಲ್ಲಿ ನಾನು ಕೆಲಸ ಬಿಡುತ್ತೇನೆಂದು ಹೇಳಲು ಹೋದಾಗ ಅವರು ಕೇಳಿದ್ದು ಒಂದೇ: "ಉತ್ತರಪತ್ರಿಕೆ ತರಿಸಿದೆಯೇನಮ್ಮ?" ಫಲಿತಾಂಶದ ನಂತರ ಒಂದು ತಿಂಗಳೊಳಗೆ ಅರ್ಜಿ ಹಾಕಿದರೆ ನಮ್ಮ ಉತ್ತರಪತ್ರಿಕೆಯ ದೃಢೀಕೃತ ಪ್ರತಿ ಸಿಗುತ್ತದೆ. ಮರುಮೌಲ್ಯಮಾಪನ ಇರಲಿಲ್ಲ, ಕೂಡಿಕೆ ಸರಿಯಿದೆಯೇ, ಯಾವುದಾದರೂ ಉತ್ತರ ನೋಡದೆ ಉಳಿದಿದೆಯೇ ಎಂಬ ಪರಿಶೀಲನೆಯಷ್ಟೇ. ಅಂಕ ಹೆಚ್ಚದಿದ್ದ ಮೇಲೆ ಆ ಪ್ರತಿ ಯಾಕೆ ಎಂದು ನಾನು ಆರು ಸಲವೂ ಅದನ್ನು ತರಿಸಿರಲಿಲ್ಲ. ನಿಜ ಹೇಳಬೇಕೆಂದರೆ ನೋಡಲು ಹೆದರಿಕೆ. ಊರಿನವರ ಲೆಕ್ಕಪುಸ್ತಕಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದವಳು ತನ್ನ ಪುಸ್ತಕವನ್ನು ಮಾತ್ರ ತೆರೆದಿರಲಿಲ್ಲ.

ಪ್ರತಿ ಬಂದ ಮೇಲೆ ಒಂದು ಭಾನುವಾರ, ಕಚೇರಿಗೆ ರಜೆಯಿದ್ದಾಗ, ಪರೋಕ್ಷ ತೆರಿಗೆಯ ಆ ಹಾಳೆಗಳನ್ನು ಅವರು ಮೇಜಿನ ಮೇಲೆ ಹರಡಿಕೊಂಡರು. ಅಂಕ ಬರೆದಿದ್ದ ಮೊದಲ ಪುಟವನ್ನು ಮಗುಚಿ ಬದಿಗಿಟ್ಟು, ವೋಚರ್‌ಗಳ ಕಟ್ಟು ಬಂದರೆ ಹೇಗೆ ಕೂರುತ್ತಾರೋ ಹಾಗೆಯೇ ಪೆನ್ಸಿಲ್ ಹಿಡಿದು ಕುಳಿತು, ಒಂದು ಮಾತೂ ಆಡದೆ ಮುಕ್ಕಾಲು ಗಂಟೆ ಓದಿದರು. ಕೆಲವು ಸಾಲುಗಳಿಗೆ ಟಿಕ್ ಹಾಕಿದರು. ಅಂಚಿನಲ್ಲಿ ಅಲ್ಲಲ್ಲಿ "ಆಧಾರ?" ಎಂದು ಬರೆದರು, ಆರ್ಟಿಕಲ್ ಆಗಿದ್ದಾಗ ನನ್ನ ವರ್ಕಿಂಗ್ ಪೇಪರ್‌ಗಳ ಮೇಲೆ ಅವರು ಬರೆಯುತ್ತಿದ್ದುದೂ ಅದೇ ಪದ. ಕೊನೆಗೆ ಒಂದು ಹಾಳೆಯಲ್ಲಿ ಯಾವ ಪ್ರಶ್ನೆಗೆ ಎಷ್ಟು ಅಂಕ, ನಾನು ಬರೆದದ್ದು ಎಷ್ಟು ಪುಟ ಎಂದು ಎರಡು ಕಾಲಂ ಹಾಕಿದರು. ಐದು ಅಂಕದ ಒಂದು ಪ್ರಶ್ನೆಗೆ ನಾಲ್ಕೂವರೆ ಪುಟ ಬರೆದಿದ್ದೆ. ಹದಿನಾಲ್ಕು ಅಂಕದ ಕೊನೆಯ ಪ್ರಶ್ನೆಗೆ ಅರ್ಧ ಪುಟ, ಅದರ ಕೊನೆಯ ವಾಕ್ಯ ನಡುವೆಯೇ ನಿಂತಿತ್ತು. ಅದರ ಕೆಳಗೆ ಯಾರದೋ ಕೆಂಪು ಶಾಯಿಯಲ್ಲಿ ಎರಡೂವರೆ ಅಂಕ. ಅಷ್ಟನ್ನಾದರೂ ಕೊಟ್ಟ ಆ ಅಪರಿಚಿತ ಪರೀಕ್ಷಕರ ಔದಾರ್ಯವನ್ನು ಕಂಡದ್ದೂ ಅಂದೇ.

"ನಿನಗೆ ವಿಷಯ ಗೊತ್ತಿಲ್ಲ ಅಂತ ಈ ಪುಟಗಳು ಎಲ್ಲಿಯೂ ಹೇಳುತ್ತಿಲ್ಲ ಕಣಮ್ಮ," ಎಂದರು ಸರ್. "ಕೇಳಿದ್ದನ್ನು ಬಿಟ್ಟು ಗೊತ್ತಿದ್ದನ್ನೆಲ್ಲ ಬರೆದಿದ್ದೀಯ, ಅಷ್ಟೆ." ಪರೀಕ್ಷೆ ಮೂರು ಗಂಟೆಯದು, ಬಹು ಆಯ್ಕೆಯ 30 ಅಂಕಗಳಿಗೆ ಮುಕ್ಕಾಲು ಗಂಟೆ ತೆಗೆದರೆ ವಿವರಣಾತ್ಮಕ 70 ಅಂಕಗಳಿಗೆ ಉಳಿಯುವುದು 135 ನಿಮಿಷ. ಐದು ಅಂಕದ ಉತ್ತರಕ್ಕೆ ಹತ್ತು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಈ ಭಾಗಾಕಾರವನ್ನು ಶಾಲೆಯ ಮಗುವೂ ಮಾಡೀತು. ಮೂರು ವರ್ಷ ನನ್ನ ಬುದ್ಧಿಯನ್ನೂ ಹಣೆಬರಹವನ್ನೂ ಹಳಿದುಕೊಂಡಿದ್ದೆನೇ ಹೊರತು ಅದನ್ನು ಮಾಡಿರಲಿಲ್ಲ. ಅನುತ್ತೀರ್ಣಳಾದ ದುಃಖ ಅಂದು ಕಡಿಮೆಯಾಯಿತೆಂದು ಹೇಳಲಾರೆ. ಆದರೆ ಅದುವರೆಗೆ ಇಡೀ ನಾನೇ ತಪ್ಪು ಎನ್ನಿಸುತ್ತಿದ್ದದ್ದು, ಆ ಮೇಜಿನ ಮೇಲೆ ಎರಡು ಕಾಲಂಗಳಷ್ಟು ಗಾತ್ರಕ್ಕೆ ಇಳಿಯಿತು. ಸರ್ ಅವರಿಗೆ ನಾನು ಸಲ್ಲಿಸಬೇಕಾದ ಕೃತಜ್ಞತೆ ಮುಖ್ಯವಾಗಿ ಅದಕ್ಕೆ.

ಅವರ ಸಲಹೆಯಂತೆ 2024ರ ಮೇ ಪರೀಕ್ಷೆಯನ್ನು ಬಿಟ್ಟೆ. ಆ ಸಲದಿಂದ ಹೊಸ ಪಠ್ಯಕ್ರಮ ಬಂದು, ಗ್ರೂಪಿಗೆ ಮೂರೇ ಪತ್ರಿಕೆಗಳಾಗಿ, ನಾನು ಚೆನ್ನಾಗಿ ಬರೆಯುತ್ತಿದ್ದ ಕಾಸ್ಟಿಂಗ್ ಪತ್ರಿಕೆ ಫೈನಲ್‌ನಿಂದಲೇ ಹೊರಗೆ ಹೋಗಿ ಆನ್‌ಲೈನ್ ಮಾಡ್ಯೂಲ್ ಆಯಿತು. ಅದರ ಬದಲು ಎಲ್ಲ ವಿಷಯಗಳನ್ನೂ ಬೆರೆಸಿದ, ಪುಸ್ತಕ ತೆರೆದು ಬರೆಯುವ ನಾಲ್ಕು ಗಂಟೆಯ ಪತ್ರಿಕೆ. ಪುಸ್ತಕ ತೆರೆದಿದ್ದರೆ ಸುಲಭ ಎಂದುಕೊಂಡವರು ಒಮ್ಮೆ ಬರೆದು ನೋಡಬೇಕು.

ನನಗೆ ಪರೋಕ್ಷ ತೆರಿಗೆಯನ್ನು ಬರೆಯಲು ಕಲಿಸಿದವನು, 2019ರಲ್ಲಿ ನಮ್ಮ ಕಚೇರಿಗೆ ಆರ್ಟಿಕಲ್ ಆಗಿ ಸೇರಿ ನನ್ನಿಂದಲೇ ವೋಚಿಂಗ್ (ವೋಚರ್‌ಗಳನ್ನು ಲೆಕ್ಕದೊಡನೆ ತಾಳೆ ನೋಡುವುದು) ಕಲಿತ ಹುಡುಗ. 2023ರ ಜನವರಿಯಲ್ಲಿ ಬಂದ ಫಲಿತಾಂಶದಲ್ಲಿ ಅವನು ಎರಡೂ ಗ್ರೂಪುಗಳನ್ನು ಮೊದಲ ಸಲಕ್ಕೇ ದಾಟಿದ. ಅದೇ ಫಲಿತಾಂಶದಲ್ಲಿ ನನಗೆ 34. ಮರುದಿನ ಕಚೇರಿಯಲ್ಲಿ ಪೇಡೆಯ ಡಬ್ಬ ಹಿಡಿದು ನನ್ನ ಮೇಜಿನವರೆಗೆ ಬಂದು, ಕೊಡುವುದೋ ಬಿಡುವುದೋ ತಿಳಿಯದೆ ನಿಂತ ಅವನ ಮುಖ ಈಗಲೂ ಕಣ್ಣ ಮುಂದಿದೆ. ನಾನೇ ಕೈ ಹಾಕಿ ಎರಡು ತೆಗೆದುಕೊಂಡೆ. ಸಂತೋಷವಾಗಿತ್ತೆಂದು ಸುಳ್ಳು ಹೇಳುವುದಿಲ್ಲ, ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿತ್ತು. ಆಮೇಲೆ ಅವನು ಲೆಕ್ಕಪತ್ರಗಳಿಗೆ ಸಹಿ ಹಾಕುವ ಪಾಲುದಾರನಾದ. ನಾನು ಮಾಡಿದ ಕೆಲಸದ ಫೈಲುಗಳು ಅವನ ಮೇಜಿಗೆ ಹೋಗತೊಡಗಿದವು, ಆಗಲೂ "ಅಕ್ಕ" ಎಂಬುದು ಬದಲಾಗಲಿಲ್ಲ. 2024ರ ಜೂನ್‌ನಿಂದ ದಿನಾ ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಒಂದು ಪ್ರಶ್ನೆ ಕಳಿಸುತ್ತಿದ್ದ. ಹತ್ತು ನಿಮಿಷದಲ್ಲಿ ಕೈಯಲ್ಲಿ ಬರೆದು ನಾನು ಫೋಟೊ ಕಳಿಸಬೇಕು.

ಒಮ್ಮೆ ಅವನು ಕೇಳಿದ್ದು, ಒಂದು ಕಂಪನಿ ತನ್ನ ನೌಕರರನ್ನು ಕರೆತರಲು ಚಾಲಕನೂ ಸೇರಿ 20 ಆಸನಗಳ ಬಸ್ಸು ಕೊಂಡರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು) ಸಿಗುತ್ತದೆಯೇ ಎಂದು. ನಾನು ಕ್ರೆಡಿಟ್ ಪಡೆಯಲು 16ನೇ ಸೆಕ್ಷನ್ನಿನಲ್ಲಿರುವ ಷರತ್ತುಗಳಿಂದ ಶುರುಮಾಡಿ ಒಂದೂವರೆ ಪುಟ ತುಂಬಿಸಿದೆ, ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಸಮಯ ಮುಗಿಯಿತು. ಅವನು ಕಳಿಸಿದ ಉತ್ತರ ನಾಲ್ಕೇ ಸಾಲಿನದು: ಸೆಕ್ಷನ್ 17(5)ರ ನಿರ್ಬಂಧ ಇರುವುದು ಚಾಲಕನೂ ಸೇರಿ 13 ಜನರವರೆಗಿನ ವಾಹನಗಳಿಗೆ, ಈ ಬಸ್ಸು 20 ಜನರದ್ದು, ಆದ್ದರಿಂದ ನಿರ್ಬಂಧ ಇದಕ್ಕೆ ತಾಗದು, ಕ್ರೆಡಿಟ್ ಸಿಗುತ್ತದೆ. ಕೆಳಗೆ "ಅಕ್ಕ, ಬಸ್ಸು ಹೊರಟುಹೋಯಿತು" ಎಂದು ಸೇರಿಸಿದ್ದ. ಇಂಥ ನೂರಾರು ಪ್ರಶ್ನೆಗಳನ್ನು, ತನ್ನ ಮದುವೆಯ ವಾರವೊಂದನ್ನು ಬಿಟ್ಟು, ಅವನು ತಪ್ಪದೆ ಕಳಿಸಿದ. ತನಗಿಂತ ಕಿರಿಯನ ಕೈಯಲ್ಲಿ ತಿದ್ದಿಸಿಕೊಳ್ಳುವ ಮುಜುಗರವನ್ನು ಇಷ್ಟು ಹಗುರ ಮಾಡಿದ್ದಕ್ಕೆ ಅವನಿಗೆ ನಾನು ಎಷ್ಟು ಹೇಳಿದರೂ ಸಾಲದು.

ಇಷ್ಟೆಲ್ಲ ಆದ ಮೇಲೆ 2024ರ ನವೆಂಬರ್‌ನಲ್ಲಿ ಪಾಸಾದೆನೆಂದು ಬರೆಯಲು ಸಾಧ್ಯವಾಗಿದ್ದರೆ ಚೆನ್ನಾಗಿರುತ್ತಿತ್ತು. ಪರೋಕ್ಷ ತೆರಿಗೆಯಲ್ಲಿ 52 ಬಂತು, ಮೂರೂ ಪತ್ರಿಕೆಗಳಲ್ಲಿ 40 ದಾಟಿದೆ, 300ಕ್ಕೆ ಒಟ್ಟು 147. ಮತ್ತೆ ಮೂರು ಅಂಕ. ಆ ಸಂಜೆ ನಾನು ಅತ್ತೆ, ಊಟವನ್ನೂ ಮಾಡಿದೆ. ಮರುದಿನವೇ ಉತ್ತರಪತ್ರಿಕೆಗೆ ಅರ್ಜಿ ಹಾಕಿದೆ. ಅಪ್ಪ ಅಂಕಪಟ್ಟಿಗೆ ತೂತು ಹೊಡೆದರು. ಈ ಸಲ ಕೊರತೆ ನೇರ ತೆರಿಗೆಯಲ್ಲಿತ್ತು. ಅದರ ಮೇಲೆ 2024ರ ಜುಲೈ ಬಜೆಟ್ಟಿನಿಂದಾಗಿ, ಜುಲೈ 23ರ ಮೊದಲು ಮಾರಿದ ಸ್ವತ್ತಿನ ಬಂಡವಾಳ ಲಾಭಕ್ಕೆ ಒಂದು ದರ, ಆ ದಿನದಿಂದಾಚೆ ಮಾರಿದ್ದಕ್ಕೆ ಇನ್ನೊಂದು ದರ ಎಂದು ಮುಂದಿನ ಪರೀಕ್ಷೆಗೆ ಎರಡನ್ನೂ ಓದಬೇಕಾಯಿತು. ಓದಿದೆ. 2025ರ ಮೇ ತಿಂಗಳಲ್ಲಿ ಬರೆದೆ, 163 ಬಂತು.

ಕೊನೆಯದಾಗಿ ನನ್ನ ಗೆಳತಿ. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಓದಿದೆವು, ಮೊದಲ ಐದು ಸಲ ಇಬ್ಬರೂ ಒಟ್ಟಿಗೆ ಬರೆದೆವು. ಐದನೆಯದಾದ ಮೇಲೆ ಅವಳು, "ನನಗೆ ಇನ್ನು ಇದು ಬೇಡ" ಎಂದು ಒಂದು ಕಂಪನಿಯ ಅಕೌಂಟ್ಸ್ ವಿಭಾಗ ಸೇರಿದಳು. ಅವಳನ್ನು ಸೋತವಳೆಂದು ಕರೆದವರ ಮಾತನ್ನು ಆಗ ನಾನೂ ಮನಸ್ಸಿನಲ್ಲೇ ಒಪ್ಪಿದ್ದೆ. ಅದಕ್ಕಾಗಿ ಇಲ್ಲಿ ಎಲ್ಲರೆದುರು ಅವಳ ಕ್ಷಮೆ ಕೇಳುತ್ತೇನೆ. ಲೆಕ್ಕ ಹಾಕಿ ನೋಡಿ ಹೊರಟವಳು ಅವಳು. ನಾನು ಲೆಕ್ಕ ಹಾಕದೆ ಉಳಿದುಕೊಂಡವಳು, ಆಮೇಲೆ ಉಳಿದದ್ದು ಸರಿಯಾಯಿತು, ಅಷ್ಟೆ. ಹೊರಡುವಾಗ ತನ್ನ ಜಿಎಸ್‌ಟಿ ನೋಟ್‌ಬುಕ್ಕನ್ನು ನನಗೆ ಕೊಟ್ಟು ಹೋಗಿದ್ದಳು. ನನಗಿಂತ ದುಂಡಗಿನ ಅಕ್ಷರ, ಪ್ರತಿ ಅಧ್ಯಾಯದ ಕೊನೆಗೆ ತಿದ್ದುಪಡಿಗಾಗಿ ಎರಡು ಖಾಲಿ ಪುಟ. ಆ ಪುಟಗಳನ್ನು ತುಂಬಿಸಿದ್ದು ನಾನು. ಮೊನ್ನೆ ಫೋನ್ ಮಾಡಿ, ವಾಪಸ್ ತಂದುಕೊಡಲೇ ಎಂದು ಕೇಳಿದೆ. ಅದರಲ್ಲಿರುವುದೆಲ್ಲ ಹಳೆಯ ಕಾನೂನು, ತೂಕಕ್ಕೆ ಹಾಕು ಎಂದಳು. ಅಪ್ಪ ಅದನ್ನು ಫೈಲಿನ ಪಕ್ಕದಲ್ಲಿ ಇಟ್ಟಿದ್ದಾರೆ.