ಎಳೆ ಎಣಿಸೋಕೆ ನನ್ನನ್ನೇ ಕರೆದ ಅಕ್ಕ-ತಂಗಿಯರಿಗೆ

ಮಗಳ ಮದುವೆಗೆ ಅಂತ ಕಸೂತಿ ಹಾಕುತ್ತಿದ್ದ ಚಂದ್ರಕಾಳಿ ಸೀರೆ ಮುಗಿಯಿತು. ಸೆರಗಿನ ಪಕ್ಕದ ಕೊನೆಯ ತುಳಸಿಕಟ್ಟೆಯೂ ಆಯಿತು, ದಾರ ಕತ್ತರಿಸಿಯೂ ಆಯಿತು. ಅದೇ ವಾರ ಡಾಕ್ಟರು ರಿಪೋರ್ಟ್ ನೋಡಿ, ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋದರೆ ಸಾಕು ಅಂದರು. ಎರಡೂ ಸುದ್ದಿಯನ್ನು ಒಟ್ಟಿಗೇ ಹೇಳುತ್ತಿದ್ದೇನೆ. ನನ್ನ ಮಟ್ಟಿಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳೋಕೆ ಬರುವುದಿಲ್ಲ.

ನಮ್ಮ ಧಾರವಾಡದ ಕಸೂತಿ ಗುಂಪಿನವರಿಗೆ ಇದೆಲ್ಲ ಗೊತ್ತಿರುವ ವಿಷಯವೇ. ಆದರೂ ನಾಲ್ಕು ಜನರ ಎದುರು ಹೇಳಬೇಕು ಅನ್ನಿಸಿತು. ಎದುರಿಗೆ ಕೂತು ಥ್ಯಾಂಕ್ಸ್ ಅಂದರೆ ನೀವು ಯಾರೂ ಕೇಳಿಸಿಕೊಳ್ಳುವವರಲ್ಲ. "ಅದೇನ್ ದೊಡ್ಡ ಮಾತು ಬಿಡ್ರಿ" ಅಂತ ಚಹಾ ಇಡೋಕೆ ಒಳಗೆ ಹೋಗಿಬಿಡುತ್ತೀರಿ. ಬರೆದರೆ ಓದಲೇಬೇಕಾಗುತ್ತದೆ, ಅಲ್ವಾ?

ನಾವು ವಾರಕ್ಕೊಮ್ಮೆ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಚೀಲದಲ್ಲಿ ಬಟ್ಟೆ, ದಾರದ ಡಬ್ಬಿ, ಕನ್ನಡಕ. ಅದರ ಜೊತೆ ಹಿತ್ತಲಲ್ಲಿ ಬೆಳೆದದ್ದು ಏನಾದರೂ ಇದ್ದೇ ಇರುತ್ತದೆ. ಒಂದು ಕಟ್ಟು ಮೆಂತೆ ಸೊಪ್ಪು, ನಾಲ್ಕು ಪೇರಲ ಹಣ್ಣು, ಖಾಲಿ ಹಾಲಿನ ಪಾಕೀಟಿನಲ್ಲಿ ನೆಟ್ಟ ಸೇವಂತಿಗೆ ಸಸಿ. ಮೊದಲು ಹೊಲಿಗೆ, ಆಮೇಲೆ ಚಹಾ, ಆಮೇಲೆ ಆ ಮನೆಯ ಗಿಡಗಳ ತಪಾಸಣೆ. ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದ್ದರೆ ಬೇವಿನ ಎಣ್ಣೆಯೋ ಸಾಬೂನು ನೀರೋ ಅಂತ ಅರ್ಧ ತಾಸು ವಾದ ನಡೆಯುತ್ತದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಬೇಕು ಅನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ ಪಕ್ಷ.

ಹೂವಿಗೂ ಹೊಲಿಗೆಗೂ ನಮ್ಮಲ್ಲಿ ನಂಟು ಜಾಸ್ತಿ. ಕೆಲಗೇರಿ, ಮಾಳಮಡ್ಡಿ, ಸಪ್ತಾಪುರ ಅಂತ ಊರಿನ ಯಾವ ಭಾಗದಲ್ಲಿ ಮನೆಯೋ ಆ ಹೆಸರಿನಿಂದಲೇ ಇಲ್ಲಿ ಒಬ್ಬೊಬ್ಬರನ್ನು ಹೇಳುತ್ತೇನೆ. ಬಣ್ಣ ಆರಿಸುವಾಗ ಕೆಲಗೇರಿ ಅಕ್ಕ ತಮ್ಮ ಅಂಗಳದ ಅಬ್ಬಲಿಗೆ ಹೂವನ್ನು ತಂದು ಕಪ್ಪು ಬಟ್ಟೆಯ ಮೇಲೆ ಇಡುತ್ತಾರೆ. ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ದಾರದ ಲಡಿಗಳನ್ನು ಸಾಲಾಗಿ ಇಟ್ಟು, ಕಿಟಕಿಯ ಬೆಳಕಿನಲ್ಲಿ ನೋಡಿ, ಒಂದನ್ನು ಎತ್ತಿಕೊಳ್ಳುತ್ತಾರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಆರಿಸಿದ ಬಣ್ಣ ಯಾವತ್ತೂ ಅಷ್ಟು ಸರಿಯಾಗಿ ಕೂತಿಲ್ಲ.

ಕಸೂತಿ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಲೇಬೇಕು. ಇಲ್ಲದಿದ್ದರೆ ಇವರು ನನಗೆ ಕೊಟ್ಟದ್ದು ಏನು ಅಂತ ತಿಳಿಯುವುದಿಲ್ಲ. ಈ ಹೊಲಿಗೆಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಆನೆ, ನವಿಲು, ತೇರು, ಗೋಪುರ, ತೊಟ್ಟಿಲು, ತುಳಸಿಕಟ್ಟೆ ಎಲ್ಲವೂ ಬಟ್ಟೆಯ ಎಳೆ ಎಣಿಸಿಯೇ ಮೂಡಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ 4 ಬಗೆಯ ಹೊಲಿಗೆ. ಮುರಗಿ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುತ್ತದೆ. ನೇಗಿ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತೆ ಅಂದರೆ ಕ್ರಾಸ್ ಸ್ಟಿಚ್. ಗವಂತಿ, ಮುರಗಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಇರಬೇಕು. ಈಗ ಅಂಗಡಿಗಳಲ್ಲಿ ಮಷಿನ್ ಕಸೂತಿ ಸೀರೆಯೂ ಸಿಗುತ್ತದೆ. ಕೊಳ್ಳುವಾಗ ಒಮ್ಮೆ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಗವಂತಿಯಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಬೇಕು. ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರಬೇಕು. ನಡುವೆ ಸಿಗುವ ಕವಲುಗಳನ್ನು ಹೋಗುವಾಗಲೇ ಮುಗಿಸಿಕೊಳ್ಳಬೇಕಾ, ಬರುವಾಗಲಾ ಅನ್ನುವುದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ಇರಬೇಕು. ಒಂದು ಎಳೆ ಆಚೀಚೆ ಆದರೆ ಗೋಪುರದ ಕಳಶ ನಡುವೆ ಕೂರುವುದಿಲ್ಲ. ಕಣ್ಣಿಗೆ, ಲೆಕ್ಕಕ್ಕೆ ಇಲ್ಲಿ ಕೈಯಷ್ಟೇ ಕೆಲಸ ಇದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕಪ್ಪು ಇಲಕಲ್ ಸೀರೆಗೆ ನಮ್ಮ ಕಡೆ ಚಂದ್ರಕಾಳಿ ಅನ್ನುತ್ತೇವೆ. ಮದುಮಗಳಿಗೆ ಕಸೂತಿ ಹಾಕಿದ ಚಂದ್ರಕಾಳಿ ಕೊಡುವುದು ಹಳೆಯ ಪದ್ಧತಿ. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು, ದೂರ ಹೋದಂತೆ ಸಣ್ಣವು. ಮಗಳ ಮದುವೆಗೆ ಅಂತ ನಾನು ಶುರು ಮಾಡಿದ್ದೆ. ಕಪ್ಪು ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡರೆ ಎಳೆಗಳ ನಡುವಿನ ಸಂದು ಎದ್ದು ಕಾಣುತ್ತದೆ ಅಂತ ಮಾಳಮಡ್ಡಿ ವೈನಿ (ಅತ್ತಿಗೆಗೆ ನಮ್ಮ ಕಡೆಯ ಮಾತು) ಹೇಳಿಕೊಟ್ಟರು. ಎರಡು ಆನೆ, ಒಂದು ತೇರು ಆಗಿತ್ತು. ಅಷ್ಟರಲ್ಲಿ ಎದೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಆಮೇಲೆ ಕೀಮೋ. ಆ ದಿನಗಳ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಅದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ.

ಡಾಕ್ಟರು ಮಣ್ಣು ಮುಟ್ಟಬೇಡಿ ಅಂದರು. ಕೀಮೋ ನಡೆಯುವಾಗ ರಕ್ತದಲ್ಲಿ ಬಿಳಿ ಕಣಗಳು ಕಡಿಮೆ ಆಗುತ್ತವೆ, ಮಣ್ಣಿನಿಂದ ಸೋಂಕು ಹತ್ತಬಹುದು ಅಂತ. ನಮ್ಮದು ಮೊದಲ ಮಹಡಿಯ ಮನೆ, ಬಾಲ್ಕನಿ ತುಂಬಾ ಕುಂಡಗಳು. ನಾನು ಯಾರಿಗೂ ಏನೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಸಪ್ತಾಪುರದ ವೈನಿ ತಮ್ಮ ಮಗನನ್ನು, ಒಂದು ಗೂಡ್ಸ್ ಆಟೋವನ್ನು ಕರೆದುಕೊಂಡು ಬಂದರು. ಯಾವ ಗಿಡ ಯಾರ ಮನೆಗೆ ಅಂತ ಮೊದಲೇ ಮಾತಾಡಿಕೊಂಡಿದ್ದರು. ಬಿಸಿಲು ಬೇಕಾದ ದುಂಡು ಮಲ್ಲಿಗೆ ಮಾಳಮಡ್ಡಿಗೆ, ನೆರಳು ಕೇಳುವವು ಕೆಲಗೇರಿಯ ಮಾವಿನ ಮರದ ಕೆಳಗೆ, ಪಾರಿಜಾತ ಸಪ್ತಾಪುರಕ್ಕೆ. ಪ್ರತಿ ಕುಂಡದ ಅಂಚಿಗೆ ಬಿಳಿ ಪಟ್ಟಿ ಅಂಟಿಸಿ ನನ್ನ ಹೆಸರು ಬರೆದಿದ್ದರು, ಆಮೇಲೆ ಅವರವರ ಗಿಡಗಳ ಜೊತೆ ಬೆರೆತು ಹೋಗಬಾರದು ಅಂತ. ಆ ಪಟ್ಟಿ ನೋಡಿದಾಗ ನನಗೆ ಆದದ್ದನ್ನು ಹೇಳೋಕೆ ಮಾತು ಸಾಲದು. ಈ ಗಿಡಗಳು ವಾಪಸ್ ಬರುವುದಕ್ಕೇ ಹೋಗುತ್ತಿವೆ, ನೀವೂ ಅಷ್ಟೇ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಟ್ಟಿ ಅಂಟಿಸಿದರು.

ವಾರ ವಾರ ಫೋಟೋ ಬರುತ್ತಿತ್ತು. ಸುಮ್ನೆ ಹೂವಿನ ಫೋಟೋ ಅಲ್ಲ, ಪ್ರಶ್ನೆ ಸಮೇತ. "ನಿಮ್ಮ ಮಲ್ಲಿಗೆ ಎಲ್ಲಿಂದ ಸವರಲಿ?" ಚಳಿಗಾಲದಲ್ಲಿ ಮಲ್ಲಿಗೆ ಬಳ್ಳಿ ಸವರಿದರೆ ಬೇಸಿಗೆಯಲ್ಲಿ ಚಿಗುರಿನ ತುದಿಗೆ ಮೊಗ್ಗು ಬರುತ್ತದೆ ಅನ್ನುವುದು ವೈನಿಗೆ ಗೊತ್ತಿಲ್ಲದ್ದೇನಲ್ಲ, ನನಗಿಂತ ಚೆನ್ನಾಗಿ ಗೊತ್ತು. ಆದರೂ ವಿಡಿಯೋ ಕಾಲ್ ಮಾಡಿ, ಕತ್ತರಿ ಹಿಡಿದು, "ಇಲ್ಲಿ? ಇನ್ನ ಕೆಳಗ?" ಅಂತ ಒಂದೊಂದು ಕಡ್ಡಿಗೂ ನನ್ನನ್ನು ಕೇಳಿದರು. ನಾನು ಹೂಂ ಅಂದ ಮೇಲೆಯೇ ಕತ್ತರಿ ಆಡಿತು.

ಮಳೆಗಾಲದಲ್ಲಿ ಒಂದು ರಾತ್ರಿ ಸಪ್ತಾಪುರದ ಮನೆಯಲ್ಲಿ ಬ್ರಹ್ಮಕಮಲ ಅರಳಿತು. ಹಿಮಾಲಯದ ನಿಜವಾದ ಬ್ರಹ್ಮಕಮಲ ಅಲ್ಲ, ನಮ್ಮ ಕಡೆ ಎಲೆ ನೆಟ್ಟರೆ ಬರುತ್ತದಲ್ಲ, ಅದು. ಒಂದೇ ರಾತ್ರಿಯ ಹೂವು, ಬೆಳಿಗ್ಗೆ ಬಾಡಿರುತ್ತದೆ. ಎಲ್ಲರೂ ಅಲ್ಲಿ ಸೇರಿದ್ದರು. ನನಗೆ ಹೊರಗೆ ಹೋಗುವ ಹಾಗಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹೂವಿನ ಎದುರಿಗೇ ಇಟ್ಟರು. ಮೊಗ್ಗು ಬಿಚ್ಚುವಷ್ಟು ಹೊತ್ತೂ ನಾನು ನೋಡಿದೆ, ಹಿಂದೆ ನಿಮ್ಮ ಹರಟೆ ಕೇಳಿದೆ. ಗಂಟೆಗಟ್ಟಲೆ ಯಾರೂ ನನ್ನ ಆರೋಗ್ಯ ಕೇಳಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಅದೇ.

ಆದರೆ ಎಲ್ಲಕ್ಕಿಂತ ದೊಡ್ಡ ಉಪಕಾರ ಬೇರೆಯದೇ. ಕೀಮೋದಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದವು. ಸೂಜಿ ಹಿಡಿದಿದ್ದೇನೋ ಇಲ್ಲವೋ ಅಂತ ಕಣ್ಣಿನಿಂದ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. 6 ಎಳೆಯ ಲಡಿಯಿಂದ 2 ಎಳೆ ಬಿಡಿಸಿಕೊಳ್ಳುವುದು ಬಿಡಿ, ಸೀರೆಯ ಬ್ಲೌಸಿನ ಹುಕ್ಕು ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ನಿಧಾನಕ್ಕೆ ಕಡಿಮೆ ಆಗಬಹುದು, ತಿಂಗಳುಗಟ್ಟಲೆ ಹಿಡಿಯಬಹುದು ಅಂದರು ಡಾಕ್ಟರು. ಸೀರೆಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟುಬಿಟ್ಟೆ. ಅಂಗಡಿಯಿಂದ ತಂದರಾಯಿತು ಅಂತ ಮಗಳಿಗೂ ಹೇಳಿದೆ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ (ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್ಸು) ಬರುವ ಹುಡುಗಿ. ಹೊಲಿಗೆ ಚುರುಕು, ಎಣಿಕೆಯಲ್ಲಿ ಮಾತ್ರ ಗಡಿಬಿಡಿ. ಒಂದು ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಬಂದವಳೇ ಟ್ರಂಕು ತೆಗೆಸಿದಳು. "ಮಾವಶಿ, ಕೈ ಆಡಂಗಿಲ್ಲ ಅಂದ್ರ ಏನಾತು? ಕಣ್ಣು ಅದಾವಲ್ಲ, ಬಾಯಿ ಅದಲ್ಲ. ನೀವು ಎಣಸ್ರಿ, ನಾ ಹಾಕ್ತೀನಿ" ಅಂದಳು.

ಹಾಗೆ ಶುರುವಾಯಿತು. ಬಿಳಿ ಪಂಚೆ ಅವಳ ತೊಡೆಯ ಮೇಲೆ, ಕನ್ನಡಕ ನನ್ನ ಕಣ್ಣಿಗೆ. "ನಾಲ್ಕು ಎಳೆ ಮೇಲೆ. ನಾಲ್ಕು ಬಿಡು. ಈಗ ಬಲಕ್ಕೆ. ತಡಿ, ಇಲ್ಲೊಂದು ಕವಲು ಇದೆ, ಅದನ್ನ ಹೋಗಿ ಮುಗಿಸಿ ಬಾ. ಹಾಂ, ಈಗ ಕಳಶಕ್ಕೆ ನಡಿ." ಗೋಪುರದ ನಡು ಎಳೆ ಯಾವುದು ಅಂತ ಇಬ್ಬರೂ ಬಗ್ಗಿ, ತಲೆಗೆ ತಲೆ ತಾಕಿಸಿಕೊಂಡು ಹುಡುಕುತ್ತಿದ್ದೆವು. ನಾಕು ಗಂಟೆಗೆ ಮಾತ್ರೆ ತಗೋಬೇಕು ಅನ್ನುವುದನ್ನು ಅವಳೇ ನೆನಪು ಮಾಡಬೇಕಾಗುತ್ತಿತ್ತು, ನನಗೆ ಮರೆತೇ ಹೋಗಿರುತ್ತಿತ್ತು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬರತೊಡಗಿದರು. ನವಿಲನ್ನು ಕೆಲಗೇರಿ ಅಕ್ಕ ಹಾಕಿದರು, ತೊಟ್ಟಿಲನ್ನು ಸಪ್ತಾಪುರದ ವೈನಿ. ಎಣಿಕೆ ಮಾತ್ರ ಯಾರೂ ತಾವು ತಗೊಳ್ಳಲಿಲ್ಲ. ಅವರಿಗೆ ಬರುವುದಿಲ್ಲ ಅಂತಲ್ಲ. ಅದು ನನ್ನ ಪಾಲಿಗೆ ಅಂತ ಬಿಟ್ಟಿದ್ದರು.

ಕಾಯಿಲೆ ಬಿದ್ದವರಿಗೆ ಎಲ್ಲರೂ ಆರಾಮ ಮಾಡಿ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ, ಆರಾಮವೂ ಬೇಕು. ಆದರೆ ಇಡೀ ದಿನ ಬರೀ ಆರಾಮ ಮಾಡುತ್ತಾ ಮಲಗಿದರೆ ಮನೆಯಲ್ಲಿ ತನಗೆ ಒಂದು ಕೆಲಸವೂ ಇಲ್ಲ ಅನ್ನಿಸಿಬಿಡುತ್ತದೆ. ನೀವು ನನಗೆ ಹೊತ್ತು ಕಳೆಯೋಕೆ ಏನೋ ಒಂದು ಕೊಡಲಿಲ್ಲ. ನನ್ನಿಂದಲೇ ಆಗಬೇಕಾದ ಕೆಲಸ ಕೊಟ್ಟಿರಿ.

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಬೆರಳಿಗೆ ಸ್ವಲ್ಪ ಸ್ಪರ್ಶ ಬಂತು. ಮಾಳಮಡ್ಡಿ ವೈನಿ ಮ್ಯಾಟಿ ಬಟ್ಟೆಯ ತುಂಡು, ಮೊಂಡು ತುದಿಯ ದಪ್ಪ ಸೂಜಿ ತಂದು ಕೊಟ್ಟರು. ಶಾಲೆಯ ಮಕ್ಕಳಿಗೆ ಕಲಿಸುವ ಹಾಗೆ ಮೆಂತೆಯಿಂದ ಶುರು ಮಾಡಿಸಿದರು. ಮ್ಯಾಟಿಯಲ್ಲಿ ತೂತು ದೊಡ್ಡದು, ಸೂಜಿ ಸಲೀಸಾಗಿ ಹೋಗುತ್ತದೆ, ಮೊಂಡಾದ್ದರಿಂದ ಬೆರಳಿಗೆ ಚುಚ್ಚುವುದಿಲ್ಲ. ಮೆಂತೆ ಆದ ಮೇಲೆ ಮುರಗಿ. ಮುರಗಿ ಬಂದ ಮೇಲೆ ಗವಂತಿ. ನನ್ನ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಕಲಿಯುವುದು ಬೇಜಾರಿನ ಕೆಲಸ ಅಂದುಕೊಂಡಿದ್ದೆ. ಇಲ್ಲ, ಒಂದೊಂದು ಸಾಲಿಗೂ ಖುಷಿಯಾಯಿತು. ಬೆರಳು ಇನ್ನೂ ಪೂರ್ತಿ ಸರಿಯಾಗಿಲ್ಲ, ಚಳಿ ಬಿದ್ದರೆ ಜೋಮು ಏರುತ್ತದೆ. ಆದರೂ ಸೀರೆಯ ಕೊನೆಯ ತುಳಸಿಕಟ್ಟೆ ಪೂರ್ತಿ ನನ್ನ ಕೈಯದು.

ಮುಗಿದ ಸೀರೆಯನ್ನು ಹೋದ ವಾರ ಎಲ್ಲರ ನಡುವೆ ಹರಡಿದೆವು. ಮಾಳಮಡ್ಡಿ ವೈನಿ ಮಾಡಿದ ಮೊದಲ ಕೆಲಸ ಗೊತ್ತಲ್ಲ? ಸೆರಗಿನ ಕಡೆಯ ಬಟ್ಟೆ ಹಿಡಿದು ತಿರುವಿ ಹಾಕಿದರು. ಹಿಂದಿನ ಬದಿಯಲ್ಲಿ ಗೋಪುರದ ಮೇಲೆ ಬೆರಳಾಡಿಸಿದರು, ಆಮೇಲೆ ತುಳಸಿಕಟ್ಟೆಯ ಮೇಲೆ. ಎಷ್ಟು ಕೈ ಆಡಿದ ಸೀರೆ ಅದು. ಕೆಲಗೇರಿ ಅಕ್ಕನ ಹೊಲಿಗೆ ಸ್ವಲ್ಪ ಬಿಗಿ, ಹುಬ್ಬಳ್ಳಿ ಹುಡುಗಿಯದು ಸ್ವಲ್ಪ ಸಡಿಲ, ಹತ್ತಿರದಿಂದ ನೋಡಿದರೆ ನಮಗೆ ಗೊತ್ತಾಗುತ್ತದೆ. ಎಳೆ ಮಾತ್ರ ಎಲ್ಲಿಯೂ ತಪ್ಪಿಲ್ಲ. "ಎಣಿಕಿ ಛಲೋ ಆಗೇದ" ಅಂದರು ವೈನಿ. ಹೊಗಳುವವರಲ್ಲ ಅವರು. ಆ ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆಸ್ಪತ್ರೆಗೆ ಜೊತೆ ಬಂದವರು, ಬಾಯಿ ಹುಣ್ಣಾದಾಗ ಖಾರವಿಲ್ಲದ ತಿಳಿಸಾರು ಮಾಡಿ ಕಳಿಸಿದವರು, ನಮ್ಮ ಯಜಮಾನರಿಗೆ ಜೋಳದ ರೊಟ್ಟಿ ಬಡಿದು ಕೊಟ್ಟವರು, ಕೂದಲು ಉದುರಿದಾಗ ಮೆತ್ತನೆಯ ಬಟ್ಟೆಯ ಟೋಪಿಗೆ ಮುರಗಿ ಅಂಚು ಹಾಕಿ ತಂದವರು, ನಿಮ್ಮೆಲ್ಲರ ಹೆಸರು ಇಲ್ಲಿ ಬರೆಯಬೇಡಿ ಅಂದಿದ್ದೀರಿ, ಬರೆಯುತ್ತಿಲ್ಲ. ನಿಮಗೆ ಗೊತ್ತಿದೆ ನೀವು ಯಾರು ಅಂತ. ನಿಮ್ಮ ಋಣ ದೊಡ್ಡದು.

ಇನ್ನು ಕೆಲಸದ ಮಾತು. ಡಾಕ್ಟರು ಮಣ್ಣು ಮುಟ್ಟಲು ಒಪ್ಪಿಗೆ ಕೊಟ್ಟಿದ್ದಾರೆ, ಕೈಗವಸು ಹಾಕಿಕೊಂಡು. ಮುಂದಿನ ಭಾನುವಾರ ಆಟೋ ಹೇಳಿದ್ದೇನೆ, ಕುಂಡಗಳನ್ನು ತರುತ್ತೇನೆ. ಮಾಳಮಡ್ಡಿ ವೈನಿ, ನಿಮ್ಮಲ್ಲಿರುವ ದುಂಡು ಮಲ್ಲಿಗೆ ಕುಂಡದ ತಳ ಒಡೆದು ನಿಮ್ಮ ನೆಲಕ್ಕೇ ಬೇರು ಬಿಟ್ಟಿದೆಯಂತೆ. ಅದನ್ನು ಕೀಳಬೇಡಿ, ಅಲ್ಲೇ ಇರಲಿ, ನನಗೆ ಒಂದು ಕಡ್ಡಿ ಕೊಡಿ ಸಾಕು. ಸಪ್ತಾಪುರದ ವೈನಿ, ಬ್ರಹ್ಮಕಮಲದ ಒಂದು ಎಲೆ ತೆಗೆದಿಡಿ. ದೀಪಾವಳಿ ಆಗಿ ತುಳಸಿ ಲಗ್ನ ಮುಗಿದ ಮೇಲೆ ಮಗಳ ಮದುವೆ. ಪತ್ರಿಕೆ ಕೊಡೋಕೆ ಮನೆಮನೆಗೆ ಬರುತ್ತೇನೆ, ಆದರೆ ನೀವು ಪತ್ರಿಕೆಗೆ ಕಾಯುವವರಲ್ಲ, ಹಿಂದಿನ ದಿನವೇ ಬಂದು ಸೇರಿಕೊಳ್ಳಬೇಕು. ಹುಬ್ಬಳ್ಳಿ ಹುಡುಗಿ, ನಿನಗೆ ಬೇರೆ ಮಾತು. ನಿನ್ನ ಚಂದ್ರಕಾಳಿಗೆ ಬಟ್ಟೆ ತಂದಿಟ್ಟಿದ್ದೇನೆ. ಈ ಸಲ ನೀನು ಎಣಿಸು, ನಾನು ಹಾಕುತ್ತೇನೆ.